‘ಶ್ಮಿಟ್-ರುಬಿನ್ 1889’ ಅಂತ ಮಾರಾಟಕ್ಕಿದೆ, ಮ್ಯಾಗಜೀನ್ ಮಾತ್ರ ಚಿಕ್ಕದು: ನಿಜಕ್ಕೂ ಯಾವ ಮಾದರಿ?

ಗುರಿತಪ್ಪಿದವ
ಜ್ಯೂರಿಕ್ ಹತ್ತಿರದ ಒಂದು ಹರಾಜಿನಲ್ಲಿ ಉದ್ದನೆಯ ಸ್ವಿಸ್ ರೈಫಲ್ ಇದೆ. ವಿವರಣೆಯಲ್ಲಿ ‘ಇನ್‌ಫ್ಯಾಂಟ್ರಿ ರೈಫಲ್ 1889, ಅಪರೂಪದ್ದು’ ಅಂತ ಬರೆದಿದ್ದಾರೆ. ಫೋಟೋದಲ್ಲಿ ಮ್ಯಾಗಜೀನ್ ಚಿಕ್ಕದು, ಆರು ತೋಟಾದ್ದು ಇರಬೇಕು. ಹಿಡಿಯ ಕೆಳಗೆ ಸ್ವಲ್ಪ ಉಬ್ಬು. ಬೋಲ್ಟ್ (ತೋಟಾ ಕೂತ ಗೂಡನ್ನು ಹಿಂದಿನಿಂದ ಮುಚ್ಚುವ, ಎಳೆಯುವ ಭಾಗ) ಬಿಚ್ಚಿದ ಫೋಟೋ ಇಲ್ಲ. ಮೂರು ಪ್ರಶ್ನೆ: ಇದು 1889 ಹೌದಾ? ಯಾವ ತೋಟಾ ಹಾಕಬಹುದು? ಇಲ್ಲಿ B ಪರ್ಮಿಟ್‌ನಲ್ಲಿ, ಅಂದರೆ ಅವಧಿ ಮಿತಿಯ ವಾಸದ ಅನುಮತಿಯಲ್ಲಿ, ಇರುವ ಭಾರತೀಯ ಇದನ್ನು ಕೊಳ್ಳಬಹುದಾ?

ಬೆರ್ನ್_ಕರಡಿ
ಉಬ್ಬು ಇದೆ ಅಂದ್ರಲ್ಲ, ಅಲ್ಲೇ ಮುಕ್ಕಾಲು ಉತ್ತರ ಸಿಕ್ಕಿತು. ಇದು ಬಹುತೇಕ 96/11.

1889ರ ಮ್ಯಾಗಜೀನ್ 12 ತೋಟಾದ್ದು. ಕುದುರೆಯ (ಟ್ರಿಗರ್) ಮುಂದೆ ಚೀಲ ನೇತುಹಾಕಿದ ಹಾಗೆ ಕೆಳಗೆ ಇಳಿದಿರುತ್ತೆ, ಒಮ್ಮೆ ನೋಡಿದವರು ಮರೆಯೋದಿಲ್ಲ. ಹಿಡಿ ನೇರ, ಉಬ್ಬು ಇಲ್ಲವೇ ಇಲ್ಲ. ಒಟ್ಟು ಉದ್ದ 1302 ಮಿ.ಮೀ., ನಳಿಕೆ 780 ಮಿ.ಮೀ. ಸುಮಾರು 2,12,000 ತಯಾರಾದವು. ಅಂದರೆ ‘1889’ ಅನ್ನೋ ಹೆಸರೇ ಅಪರೂಪ ಅಲ್ಲ.

ಆಮೇಲೆ ಬಂದದ್ದು 1889/96, ಸುಮಾರು 1,27,000. ಹೊರಗಿನಿಂದ 1889ರ ತದ್ರೂಪ. ಬದಲಾದದ್ದು ಬೋಲ್ಟನ್ನು ಬಿಗಿ ಹಿಡಿಯುವ ಚಾಚುಗಳ, ಅಂದರೆ ಲಗ್‌ಗಳ ಜಾಗ. 1911ರಲ್ಲಿ ಹೊಸ ತೋಟಾ GP11 ಬಂದಾಗ ಈ 89/96ಗಳನ್ನೇ ರಾಶಿಗಟ್ಟಲೆ ವಾಪಸ್ ತರಿಸಿ ಹೊಸ ನಳಿಕೆ, ಹೊಸ ಸೈಟು, ಆರು ತೋಟಾದ ಮ್ಯಾಗಜೀನ್ ಹಾಕಿದರು. ಹಳೇ ನೇರ ಹಿಡಿಯ ಕೆಳಗೆ ಮರದ ತುಂಡು ಕೂರಿಸಿ ಪಿಸ್ತೂಲ್ ಹಿಡಿಯ ಆಕಾರ ಕೊಟ್ಟರು. ಅದೇ 96/11. ಹೊಸದಾಗಿಯೇ ತಯಾರಾದ 1911ರ ರೈಫಲ್‌ನಲ್ಲಿ ಹಿಡಿ ಒಂದೇ ಮರ, ಜೋಡು ಇರೋದಿಲ್ಲ. ಉಗುರು ಎಳೆದು ನೋಡಿ: ಕುದುರೆ ಕಾಪಿನ ಹಿಂದೆ, ಹಿಡಿಯ ಎರಡೂ ಬದಿಯಲ್ಲಿ ಕೂದಲೆಳೆಯಷ್ಟು ಗೆರೆ ಸಿಕ್ಕಿದರೆ 96/11.

ಹಾಗಾದರೆ ಅಪರೂಪ ಯಾವುದು? ಪರಿವರ್ತನೆಗೆ ಹೋಗದೆ ಉಳಿದ 89/96. ಸ್ವಿಸ್ ಬಂದೂಕು ಸಂಗ್ರಹದ ಅಸಲಿ ಗುಟ್ಟೇ ಇದು. ಅವರು ಏನನ್ನೂ ಬಿಸಾಡಲಿಲ್ಲ, ಎಲ್ಲವನ್ನೂ ತಿದ್ದಿದರು. ಅದಕ್ಕೇ ಅಲ್ಲಿ ತಿದ್ದದೆ ಉಳಿದ ಸಾಮಾನ್ಯ ಮಾದರಿಗೂ ಬೆಲೆ.

ಕ್ಯಾಲಿಪರ್_ಕಿಟ್ಟಿ
ಮ್ಯಾಗಜೀನ್, ಮರ ಎರಡೂ ಬದಲಾಯಿಸಬಹುದಾದ ವಸ್ತುಗಳು. ಬೋಲ್ಟ್ ತೆಗೆಸಿ ಫೋಟೋ ಕೇಳಿ. ಮಾರುವವರಿಗೆ ಹೇಳಬೇಕಾದದ್ದು ಇಷ್ಟೇ: ಮ್ಯಾಗಜೀನ್ ತೆಗೆದು, ಬೋಲ್ಟ್ ಹಿಂದಕ್ಕೆಳೆದು, ಚೇಂಬರ್ (ತೋಟಾ ಕೂರುವ ಗೂಡು) ಖಾಲಿ ಇದೆಯಾ ಅಂತ ಕಣ್ಣಲ್ಲೂ ಕಿರುಬೆರಳಲ್ಲೂ ನೋಡಿ, ಬಲಬದಿಯ ಬೋಲ್ಟ್ ತಡೆಯನ್ನು ಒತ್ತಿ ಹಿಡಿದು ಪೂರ್ತಿ ಹೊರಗೆಳೆಯೋದು. ಒಂದು ನಿಮಿಷದ ಕೆಲಸ. ಆಗೋದಿಲ್ಲ ಅಂದರೆ ಅದೂ ಒಂದು ಉತ್ತರ ತಾನೆ.

ತೆಗೆದ ಬೋಲ್ಟಿನಲ್ಲಿ ನೋಡಬೇಕಾದದ್ದು ಹೊರಗಿನ ತೋಳು, ಅಂದರೆ ಎಳೆದಾಗ ತಿರುಗುವ ಭಾಗ. ಅದರ ಮೇಲೆ ಎರಡು ಲಗ್ ಇರುತ್ತೆ.
1889: ಲಗ್ ಎರಡೂ ತೋಳಿನ ಹಿಂತುದಿಯಲ್ಲಿ.
89/96, 96/11, 1911: ಲಗ್ ಮುಂದಕ್ಕೆ ಸರಿದಿದೆ. ಆದರೂ ತೋಟಾದ ಬುಡಕ್ಕೆ ದೂರವೇ.
K31 (1931ರ ಕಾರ್ಬೈನ್, ಅಂದರೆ ಗಿಡ್ಡ ರೈಫಲ್): ತೋಳಿನ ಮುಂತುದಿ, ತೋಟಾದ ಬೆನ್ನಿಗೇ.

ಕೊನೇ ಬದಲಾವಣೆಯಿಂದ ಏನು ಲಾಭವಾಯ್ತು ಅಂತ ಲೆಕ್ಕ ಹಾಕಿದರೆ ಚೆಂದ. 1911ರ ಕಾರ್ಬೈನ್ K11 ಮತ್ತು K31 ಎರಡರ ಒಟ್ಟು ಉದ್ದವೂ 1105 ಮಿ.ಮೀ. ಆಸುಪಾಸು. ನಳಿಕೆ ಮಾತ್ರ K11ರಲ್ಲಿ 592, K31ರಲ್ಲಿ 652. ಲಗ್ ಮುಂದೆ ತಂದದ್ದಕ್ಕೆ ರಿಸೀವರ್ (ಬೋಲ್ಟ್ ಓಡಾಡುವ ಲೋಹದ ಒಡಲು) ಗಿಡ್ಡವಾಯಿತು, ಉಳಿದ 60 ಮಿ.ಮೀ. ನಳಿಕೆಗೆ ಸಿಕ್ಕಿತು.

ಗುರಿತಪ್ಪಿದವ
ಲಗ್ ಎಲ್ಲಿದ್ದರೆ ಏನಂತೆ? ಎರಡೂ 7.5 ಮಿ.ಮೀ. ತಾನೆ, ತೋಟಾ ಒಂದೇ ಆಗೋದಿಲ್ಲವಾ?

ಬೆರ್ನ್_ಕರಡಿ
ಖಂಡಿತ ಆಗೋದಿಲ್ಲ. ಈ ಚರ್ಚೆಯಲ್ಲಿ ಬೇರೆ ಏನು ಮರೆತರೂ ಇದನ್ನು ಮರೀಬೇಡಿ.

ಹಳೇದು GP90: ಕೇಸ್ (ತೋಟಾದ ಲೋಹದ ಕವಚ) 53.5 ಮಿ.ಮೀ., ಕಾಗದ ಸುತ್ತಿದ 13.7 ಗ್ರಾಂನ ದುಂಡು ಮೂತಿಯ ಗುಂಡು, ವೇಗ ಸೆಕೆಂಡಿಗೆ ಸುಮಾರು 600 ಮೀಟರ್. ಹೊಸದು GP11: ಕೇಸ್ 55 ಮಿ.ಮೀ., ಹಿಂಬದಿ ಕಿರಿದಾದ ಚೂಪು ಮೂತಿಯ 11.3 ಗ್ರಾಂ ಗುಂಡು, K31ರಿಂದ 780 ಮೀಟರ್. ಒತ್ತಡ ತುಂಬಾ ಜಾಸ್ತಿ. 1889ರಲ್ಲಿ ಲಗ್ ಹಿಂದೆಲ್ಲೋ ಇರೋದರಿಂದ ಸಿಡಿದಾಗ ಇಡೀ ತೋಳು ಒತ್ತಿಸಿಕೊಳ್ಳುತ್ತೆ. ಬೋಲ್ಟಿನ ಮುಖ ಚೂರು ಹಿಂದೆ ಸರಿದರೂ ಕೇಸ್ ಹಿಗ್ಗಿ ಸೀಳಬಹುದು, ಸೀಳಿದರೆ ಅನಿಲ ಬರೋದು ಹೊಡೆಯುವವರ ಮುಖದ ಕಡೆಗೆ.

ಪರಿವರ್ತನೆಯಾಗದ 89/96ಕ್ಕೂ GP11 ಹಾಕಬಾರದು. ಅದರ ಲಗ್ ಗಟ್ಟಿ ಇರಬಹುದು, ನಳಿಕೆ GP90ರದ್ದೇ. ಅಂಗಡಿಯ ಡಬ್ಬಿಯಲ್ಲಿ ‘7.5 ಸ್ವಿಸ್’ ಅಂತ ಇದ್ದರೆ ಅದು GP11 ಅಳತೆ ಅಂತಲೇ ತಿಳಿಯಿರಿ.

ಕ್ಯಾಲಿಪರ್_ಕಿಟ್ಟಿ
ಅನುಮಾನ ಇದ್ದರೆ ಚೇಂಬರ್ ಅಚ್ಚು ತೆಗೆಯಿರಿ. ತೋಟಾ ತುರುಕಿ ‘ಹೋಗುತ್ತಾ ನೋಡೋಣ’ ಅನ್ನೋದು ಪರೀಕ್ಷೆಯೇ ಅಲ್ಲ.

ಸೆರ್ರೋಸೇಫ್ ಅನ್ನೋ ಮಿಶ್ರಲೋಹ ಸಿಗುತ್ತೆ, 70ರಿಂದ 88 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತೆ. ಬೋಲ್ಟ್ ತೆಗೆದು ಚೇಂಬರನ್ನು ಎಣ್ಣೆ-ಗ್ರೀಸ್ ಒಂದು ಚೂರೂ ಉಳಿಯದ ಹಾಗೆ ಒರೆಸಿ. ಚೇಂಬರ್ ಮುಗಿದು ನಳಿಕೆಯೊಳಗೆ ಒಂದೂವರೆ ಸೆಂ.ಮೀ. ಆಚೆ ಬಟ್ಟೆಯ ಬಿರಡೆ ಬಿಗಿಯಾಗಿ ಕೂರಿಸಿ. ಬಂದೂಕನ್ನು ಬಾಯಿ ಕೆಳಗಾಗಿ ನೆಟ್ಟಗೆ ನಿಲ್ಲಿಸಿ, ಪುಟ್ಟ ಆಲಿಕೆಯಿಂದ ಒಂದೇ ಧಾರೆಯಲ್ಲಿ ಹುಯ್ಯಿರಿ. ನಿಲ್ಲಿಸಿ ನಿಲ್ಲಿಸಿ ಹುಯ್ದರೆ ಪದರ ಬೀಳುತ್ತೆ. ರಿಸೀವರಿನೊಳಗೆ ಉಕ್ಕಿದರೆ ಅಚ್ಚು ಸಿಕ್ಕಿಹಾಕಿಕೊಳ್ಳುತ್ತೆ, ಆಮೇಲೆ ಬಿಸಿ ಮಾಡಿಯೇ ಇಳಿಸಬೇಕು. ತಣಿದ ಮೊದಲ ಅರ್ಧ ಗಂಟೆ ಲೋಹ ಕುಗ್ಗಿರುತ್ತೆ, ಆಗಲೇ ಬಾಯಿಯ ಕಡೆಯಿಂದ ಕಡ್ಡಿ ಹಾಕಿ ಮೆಲ್ಲಗೆ ತಳ್ಳಿ. ಹುಯ್ದು ಸರಿಯಾಗಿ ಒಂದು ಗಂಟೆಯ ಹೊತ್ತಿಗೆ ಅದು ಚೇಂಬರಿನ ನಿಜವಾದ ಅಳತೆಗೆ ಬರುತ್ತೆ. ಅಳೆಯೋದು ಆಗ. ಮಾರನೇ ದಿನ ಅಳೆದರೆ ಹಿಗ್ಗಿ ಸುಳ್ಳು ಲೆಕ್ಕ ಕೊಡುತ್ತೆ.

ಸೀಸ, ಕ್ಯಾಡ್ಮಿಯಂ ಎರಡೂ ಅದರಲ್ಲಿದೆ. ಅಡುಗೆ ಪಾತ್ರೆಯಲ್ಲಿ ಬೇಡ, ಕುದಿಸೋದೂ ಬೇಡ, ಕಿಟಕಿ ತೆಗೆದಿರಲಿ.

ಚೇಂಬರ್ ಯಾವಾಗಲೂ ಕೇಸ್‌ಗಿಂತ ಚೂರು ಉದ್ದ. ಹಾಗಾಗಿ 53.5 ಅಥವಾ 55 ಅಂತ ನೆಟ್ಟಗೆ ಸಂಖ್ಯೆ ಸಿಗುತ್ತೆ ಅಂತ ಕಾಯಬೇಡಿ. ಗೊತ್ತಿರುವ K31ರ ಅಚ್ಚಿನ ಪಕ್ಕ ಇಟ್ಟು ಕತ್ತಿನ ಉದ್ದ ಹೋಲಿಸಿ. ಒಂದೂವರೆ ಮಿ.ಮೀ. ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ಆಮೇಲೂ ಹೊಡೆಯುವ ಮನಸ್ಸಿದ್ದರೆ ಬಂದೂಕು ರಿಪೇರಿಯವರ ಕೈಯಲ್ಲಿ ಹೆಡ್‌ಸ್ಪೇಸ್ ಗೇಜ್ (ಬೋಲ್ಟಿನ ಮುಖಕ್ಕೂ ತೋಟಾಕ್ಕೂ ನಡುವಿನ ಸಂದು ನೋಡುವ ಅಳತೆ) ಹಾಕಿಸಿ.

ಹಳೇಕಬ್ಬಿಣ
ನಳಿಕೆ ಯಾವ ಕಾಲದ್ದು ಅಂತ ತಿಳಿಯೋಕೆ ಅಚ್ಚಿಗಿಂತ ಸುಲಭದ ದಾರಿ ಇದೆ: ಪರೀಕ್ಷಕರ ಮುದ್ರೆ. ಪುಟ್ಟ ಸ್ವಿಸ್ ಶಿಲುಬೆ, ಅದರ ಕೆಳಗೆ ಒಂದೇ ಅಕ್ಷರ. V ಅಂದರೆ ಫೋಗೆಲ್‌ಸಾಂಗ್, 1879ರಿಂದ 1912. M ಅಂದರೆ ಮ್ಯೂಲೆಮಾನ್, 1913ರಿಂದ 1941. H ಅಂದರೆ ಹೌರಿ, 1942ರಿಂದ 1968. ರಿಸೀವರ್ ಮೇಲೆ V ಇದ್ದು ನಳಿಕೆಯ ಬುಡದಲ್ಲಿ M ಇದ್ದರೆ ಆ ನಳಿಕೆ 1913ಕ್ಕಿಂತ ಮೊದಲಿನದ್ದಲ್ಲ. ‘ಮೂಲ 1896’ ಅನ್ನೋ ಮಾತು ಅಲ್ಲಿಗೆ ಮುಗೀತು. ನಳಿಕೆಯಲ್ಲೂ V ಇದ್ದರೆ ತೀರ್ಪು ಬಂದ ಹಾಗಲ್ಲ, ಯಾಕಂದರೆ ಪರಿವರ್ತನೆ ಶುರುವಾದಾಗ ಫೋಗೆಲ್‌ಸಾಂಗ್ ಇನ್ನೂ ಕುರ್ಚಿಯಲ್ಲಿದ್ದರು.

ಮಂಗಳೂರು ಹೆಂಚಿನ ಬೆನ್ನು ತಿರುಗಿಸಿ ಬಾಸೆಲ್ ಮಿಶನ್ ಮುದ್ರೆ ಹುಡುಕುವವರಿಗೆ ಇದು ಹೊಸ ಚಾಳಿಯೇನಲ್ಲ, ಊರೂ ಹೆಚ್ಚುಕಡಿಮೆ ಅದೇ.

ಕಾಯ್ದೆಕಟ್ಟಳೆ
ಮೂರನೇ ಪ್ರಶ್ನೆಗೆ. ಸ್ವಿಸ್ ಶಸ್ತ್ರ ಕಾಯ್ದೆ 1997ರ ಜೂನ್ 20ರದ್ದು, ಜಾರಿ 1999ರ ಜನವರಿ 1ರಿಂದ. ಕೈಯಿಂದ ಬೋಲ್ಟ್ ಎಳೆಯುವ ಹಳೇ ಸೈನಿಕ ರೈಫಲ್‌ಗಳಿಗೆ ಸ್ವಿಸ್ ಪ್ರಜೆಗಳು, ಕಾಯಂ ವಾಸದ C ಪರ್ಮಿಟ್‌ನವರು ಲಿಖಿತ ಒಪ್ಪಂದ ಮಾಡಿಕೊಂಡರೆ ಸಾಕು. ಎರಡೂ ಕಡೆಯವರು ಅದನ್ನು 10 ವರ್ಷ ಇಟ್ಟುಕೊಳ್ಳಬೇಕು, ಮಾರಿದವರು 30 ದಿನದೊಳಗೆ ಪ್ರತಿಯನ್ನು ಕ್ಯಾಂಟನ್ (ಅಲ್ಲಿನ ರಾಜ್ಯ) ಕಚೇರಿಗೆ ಕಳಿಸಬೇಕು.

B ಪರ್ಮಿಟ್‌ನವರಿಗೆ ಈ ರಿಯಾಯಿತಿ ಇಲ್ಲ. ಒಪ್ಪಂದ ಸಾಕಾಗುವ ರೈಫಲ್‌ಗೂ ಕೊಳ್ಳುವ ಪರವಾನಗಿ ಬೇಕು, ಅಲ್ಲಿನವರು ವಾಫೆನ್‌ಎರ್ವೆರ್ಬ್ಸ್‌ಶೈನ್ ಅನ್ನುತ್ತಾರೆ. ಅದರ ಅವಧಿ 6 ತಿಂಗಳು, ಮೂರು ತಿಂಗಳು ಹೆಚ್ಚಿಸಬಹುದು. ಅದರ ಮೇಲೆ, ಸ್ವದೇಶದಲ್ಲಿ ಇಂಥ ಆಯುಧ ಕೊಳ್ಳಲು ನೀವು ಅರ್ಹರು ಅನ್ನುವ ಅಧಿಕೃತ ದೃಢೀಕರಣವನ್ನೂ ಕೇಳುತ್ತಾರೆ. ಭಾರತೀಯರಿಗೆ ಕಾಲು ಜಾರುವುದು ಈ ಕಾಗದದಲ್ಲೇ. ಹರಾಜು ಗೆದ್ದು ಆಮೇಲೆ ಕಾಗದಕ್ಕೆ ಓಡಿದರೆ ಹಣ ಸಿಕ್ಕಿಹಾಕಿಕೊಳ್ಳುತ್ತೆ. ಮೊದಲು ಕ್ಯಾಂಟನ್ ಪೊಲೀಸರ ಶಸ್ತ್ರ ವಿಭಾಗದಲ್ಲಿ ಕೇಳಿ, ಆಮೇಲೆ ಬೆಲೆ ಕೂಗಿ.

‘ಪುರಾತನ’ ಅನ್ನೋ ಬಾಗಿಲೂ ಇದಕ್ಕೆ ತೆರೆಯೋದಿಲ್ಲ. ಅಲ್ಲಿ ಪುರಾತನ ಅಂದರೆ 1870ಕ್ಕಿಂತ ಮೊದಲು ತಯಾರಾದದ್ದು.

ಟೆಕ್ಸಸ್_ತೋಟಾ
ಅಮೆರಿಕದಲ್ಲಿರೋ ಕನ್ನಡಿಗರಿಗೆ ಗೆರೆ ಬೇರೆ. ಅಲ್ಲಿ 1898ರವರೆಗೆ ತಯಾರಾದದ್ದು ಪುರಾತನ. 1889ಕ್ಕಿಂತ ಹಿಂದಿನ ಸ್ವಿಸ್ ರೈಫಲ್ ವೆಟರ್ಲಿಗಳೆಲ್ಲ ಆ ಕಡೆಗೆ ಬೀಳುತ್ತವೆ. ಆದರೆ ಮಾದರಿಯ ಹೆಸರಿನಲ್ಲಿ ‘1889’ ಅಂತ ಇರೋದು ಲೆಕ್ಕಕ್ಕಿಲ್ಲ, ಆ ರಿಸೀವರ್ ತಯಾರಾದ ವರ್ಷ ಲೆಕ್ಕ. ಸೀರಿಯಲ್ ಹಿಡಿದು ವರ್ಷ ಖಚಿತ ಮಾಡಿಕೊಳ್ಳಿ. ರಾಜ್ಯದ ಕಾನೂನು ಬೇರೆ ಇರುತ್ತೆ, ಅದನ್ನೂ ನೋಡಿ.

ಕೊಡಗಿನ_ತೋಕ್
ಒಂದು ಅಡ್ಡ ಪ್ರಶ್ನೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ. ಅದರ ಮೇಲೆ K31 ತರಿಸಬಹುದಾ?

ಕಾಯ್ದೆಕಟ್ಟಳೆ
ಆ ವಿನಾಯಿತಿ ಇಟ್ಟುಕೊಳ್ಳೋದಕ್ಕೆ. ಆಮದಿಗೆ 1959ರ ಶಸ್ತ್ರ ಕಾಯ್ದೆಯ 10ನೇ ಕಲಮು ಬೇರೆಯೇ ಇದೆ, ಅದಕ್ಕೆ ಬೇರೆ ಅನುಮತಿ ಬೇಕು. ಉಳಿದ ಭಾರತೀಯರ ಮಾತು ಹೇಳಬೇಕೆಂದರೆ, 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಮೂರು ಬಂದೂಕಲ್ಲ, ಎರಡೇ. ಆದ್ದರಿಂದ ಸ್ವಿಸ್ ಸಂಗ್ರಹ ಕಟ್ಟೋದಿದ್ದರೆ ಬಂದೂಕು ಅಲ್ಲೇ ಇರಲಿ, ವಾಪಸ್ ಬರುವಾಗ ಯಾರಿಗೆ ಮಾರುತ್ತೀರಿ ಅನ್ನೋದನ್ನು ಕೊಳ್ಳುವ ದಿನವೇ ಯೋಚಿಸಿ.

ತುಕ್ಕುಪುರಾಣ
ಪಟ್ಟಿ ಕೇಳುವವರಿಗೆ, ನಿಜಕ್ಕೂ ಕೈಗೆ ಸಿಗೋದು ಕಷ್ಟ ಇರೋವು:

1893ರ ಮಾನ್‌ಲಿಖರ್ ಅಶ್ವದಳ ಕಾರ್ಬೈನ್. ನಾಯ್‌ಹೌಸನ್‌ನ ಸಿಗ್ ಕಾರ್ಖಾನೆಯದ್ದು, 7,750 ಮಾತ್ರ. ಶ್ಮಿಟ್‌ರ ಬೋಲ್ಟು ಕುದುರೆ ಸವಾರರಿಗೆ ತೀರಾ ಉದ್ದ ಅಂತ ಆಸ್ಟ್ರಿಯದ ವಿನ್ಯಾಸ ತಂದರು. ದಳಕ್ಕೆ ಅದು ಹಿಡಿಸಲಿಲ್ಲ, 1905ರಲ್ಲಿ ಮತ್ತೆ ಶ್ಮಿಟ್ ಕಡೆಗೇ ವಾಪಸಾದರು.

1905ರ ಕಾರ್ಬೈನ್ ಸುಮಾರು 7,900, 1900ರ ಗಿಡ್ಡ ರೈಫಲ್ ಸುಮಾರು 18,750. ಇವುಗಳಲ್ಲಿ ಬಹುಪಾಲು 05/11, 00/11 ಆಗಿ ಹೋದವು. ಮೂಲ ರೂಪದ್ದು ಅಂತ ಯಾರಾದರೂ ಹೇಳಿದರೆ ಮೇಲೆ ಹಳೇಕಬ್ಬಿಣ ಹೇಳಿದ ಮುದ್ರೆ ಮೊದಲು ನೋಡಿ.

ದೂರದರ್ಶಕದ K31ಗಳು. 31/42ರಲ್ಲಿ 1.8 ಪಟ್ಟು, 31/43ರಲ್ಲಿ 2.8 ಪಟ್ಟು. ಎಡಬದಿಗೆ ಅಂಟಿಕೊಂಡ ಕೊಳವೆ, ಮೇಲಕ್ಕೆ ಮಡಿಚಿ ಎತ್ತುವ ತಲೆ, ಪೆರಿಸ್ಕೋಪ್ ಥರ. ಮೂಲದಲ್ಲಿ ದರ್ಶಕದ ನಂಬರು ಬಂದೂಕಿನದೇ ಇರುತ್ತೆ. ನಕಲಿ ಬಹಳ. 1955ರದ್ದು ಬೇರೆಯೇ ಜಾತಿ: ಆರಾವ್‌ನ ಕೆರ್ನ್ ಕಂಪನಿಯ 3.5 ಪಟ್ಟಿನ ದರ್ಶಕ, ಎರಡು ಕಾಲಿನ ಸ್ಟ್ಯಾಂಡು, ಮೇಲೆ ದರ್ಶಕ ಕೂತಿದ್ದರೂ ತೋಟಾ ತುಂಬಲು ಜಾಗ ಸಿಗಲಿ ಅಂತ ಇಡೀ ಆಕ್ಷನ್ ಪಕ್ಕಕ್ಕೆ 15 ಡಿಗ್ರಿ ವಾಲಿಸಿದ್ದಾರೆ. ಸುಮಾರು 4,150. ನಕಲು ಮಾಡೋದು ಕಷ್ಟ, ಯಾಕಂದರೆ ವಾಲಿದ ಮರ ಸಾಮಾನ್ಯ K31ರಿಂದ ಕಡಿದು ತೆಗೆಯೋಕೆ ಬರೋದಿಲ್ಲ.

ಸಾಮಾನ್ಯ K31 5,28,000ಕ್ಕೂ ಮೇಲೆ ತಯಾರಾದವು. ಒಳ್ಳೇ ಬಂದೂಕು, ಅಪರೂಪದ್ದಲ್ಲ.

ಗುರಿತಪ್ಪಿದವ
ಲೂಗರ್ ಪಿಸ್ತೂಲ್ ಬಿಟ್ಟುಬಿಟ್ರಾ?

ಹಳೇಕಬ್ಬಿಣ
ಅದಕ್ಕೆ ಬೇರೆ ಚರ್ಚೆ ಬೇಕು, ಚುಟುಕಾಗಿ ಹೇಳ್ತೀನಿ. ಲೂಗರನ್ನು ಸೈನ್ಯಕ್ಕೆ ಮೊದಲು ತಂದವರು ಜರ್ಮನ್ನರಲ್ಲ, ಸ್ವಿಸ್ಸರು, 1900ರಲ್ಲಿ, 7.65 ಮಿ.ಮೀ. ತೋಟಾಕ್ಕೆ. ಮೊದಲಿನವು ಬರ್ಲಿನ್‌ನ ಡಿಡಬ್ಲ್ಯೂಎಂ ಕಾರ್ಖಾನೆಯವು, ಚೇಂಬರ್ ಮೇಲೆ ಕಿರಣ ಸೂಸುವ ಶಿಲುಬೆ. ಈ ಮುದ್ರೆಯನ್ನೇ ಸಾಮಾನ್ಯ ವಾಣಿಜ್ಯ ಲೂಗರ್ ಮೇಲೆ ಕೊರೆದು ಮಾರುವವರಿದ್ದಾರೆ. ಭೂತಗನ್ನಡಿ ಹಿಡಿದು ನೋಡಿ: ಕಿರಣದ ಗೆರೆಯೊಳಗಿನ ಬಣ್ಣ ಹೊರಗಿನ ಬಣ್ಣಕ್ಕೆ ಹೊಂದಬೇಕು. ಗೆರೆಯ ಅಂಚು ಉಬ್ಬಿದ್ದರೆ, ಒಳಗೆ ಹೊಸ ಲೋಹ ಮಿನುಗಿದರೆ, ಕೈಬಿಡಿ. ಬೆರ್ನ್‌ನಲ್ಲೇ ತಯಾರಾದ 06/29 ನೋಡಿದ ಕೂಡಲೇ ಗೊತ್ತಾಗುತ್ತೆ: ಹಿಡಿಯ ಮುಂಭಾಗ ನೇರ, ಟಾಗಲ್ (ಮೇಲೆ ಮಡಿಚುವ ಕೀಲು) ಗುಂಡಿಗಳು ಗೀರಿಲ್ಲದೆ ನುಣುಪು, ಹಿಡಿಫಲಕ ಪ್ಲಾಸ್ಟಿಕ್. ಖರ್ಚು ಉಳಿಸೋಕೆ ಮಾಡಿದ್ದು, ನೋಡೋಕೂ ಹಾಗೇ ಇದೆ.

ತುಕ್ಕುಪುರಾಣ
ಕೊಂಡ ಮೇಲೆ ಮಾಡುವ ಹಾಳೇ ಹೆಚ್ಚು, ಅದನ್ನೂ ಬರೆದುಬಿಡ್ತೀನಿ.

ಮರಕ್ಕೆ ಮರಳುಕಾಗದ ಮುಟ್ಟಿಸಬೇಡಿ. ಮುದ್ರೆ ಹೋದರೆ ವಾಪಸ್ ಬರೋದಿಲ್ಲ, 96/11ರ ಹಿಡಿಯ ಜೋಡು ಸಮ ಮಾಡಿದರೆ ಮಾದರಿಯ ಗುರುತೇ ಮಸುಕಾಗುತ್ತೆ. ಒದ್ದೆ ಬಟ್ಟೆ, ಒಣ ಬಟ್ಟೆ, ಅಷ್ಟೇ. ಪಾಲಿಯುರೆಥೇನ್ ಬಳಿದ ಸ್ಟಾಕ್ ದೂರದಿಂದಲೇ ಹೊಳೆದು ಬೆಲೆ ಇಳಿಸುತ್ತೆ.

ಸೈನಿಕ ಉಗ್ರಾಣದಿಂದ ಬಂದದ್ದಕ್ಕೆ ನಳಿಕೆಯಲ್ಲಿ ಗ್ರೀಸ್ ತುಂಬಿರಬಹುದು. ಪೂರ್ತಿ ತೆಗೆಯದೆ ಹೊಡೆದರೆ ಅದು ಅಡ್ಡಗಟ್ಟಿದ ನಳಿಕೆಯೇ. ಚೇಂಬರಿನಲ್ಲಿ ಉಳಿದ ಗ್ರೀಸ್ ಕೂಡ ಕೇಸನ್ನು ಗೋಡೆಗೆ ಹಿಡಿಯಗೊಡದೆ ಬೋಲ್ಟಿನ ಮೇಲೆ ಹೊರೆ ಹಾಕುತ್ತೆ.

ಸ್ಕ್ರೂಗೆ ಬೆಣೆಯಾಕಾರದ ಅಗ್ಗದ ಸ್ಕ್ರೂಡ್ರೈವರ್ ಬೇಡ. ಅಂಚು ಸಮಾನಾಂತರ ಇರುವ, ಸೀಳಿನ ಪೂರ್ತಿ ಅಗಲ ತುಂಬುವ ಬಿಟ್ ಹಾಕಿ. ಕಿವಿ ಹರಿದ ಸ್ಕ್ರೂ ಕಂಡರೆ ಯಾರೋ ಒಳಗೆ ಕೈ ಹಾಕಿದ್ದಾರೆ ಅಂತಲೇ ಅರ್ಥ.

K31ರ ಬುಡದ ಲೋಹದ ತಟ್ಟೆಗೆ ಎರಡು ಸ್ಕ್ರೂ. ಬಿಚ್ಚಿದರೆ ಒಮ್ಮೊಮ್ಮೆ ಪುಟ್ಟ ಚೀಟಿ ಸಿಗುತ್ತೆ: ಸೈನಿಕರ ಹೆಸರು, ಹುಟ್ಟಿದ ವರ್ಷ, ದಳ, ಊರು. ಅದನ್ನು ಅಲ್ಲೇ ಇಡಿ, ಇಲ್ಲವೇ ಆಮ್ಲರಹಿತ ಲಕೋಟೆಯಲ್ಲಿ ಹಾಕಿ ಬಂದೂಕಿನ ಜೊತೆಗೇ ಇರಲಿ. ಇಲ್ಲಿ ಫೋಟೋ ಹಾಕುವಾಗ ಹೆಸರು, ವಿಳಾಸ ಮುಚ್ಚಿ. ಕೆಲವರು ಇನ್ನೂ ಬದುಕಿರಬಹುದು.

ರಿಸೀವರ್ ಮೇಲಿನ P ಕಂಡು ಗಾಬರಿ ಬೀಳಬೇಡಿ. ಸೇವೆ ಮುಗಿಸಿದ ಸೈನಿಕ ಬಂದೂಕನ್ನು ಸ್ವಂತಕ್ಕೆ ಪಡೆದಾಗ ಒತ್ತುವ ಗುರುತು ಅದು, ದೋಷವಲ್ಲ.

ಬೆರ್ನ್_ಕರಡಿ
ವೆಟರ್ಲಿ ಕೊಂಡವರಿಗೆ ಒಂದು ಸಾಲು ಸೇರಿಸ್ತೀನಿ. ಅದರ 10.4 ಮಿ.ಮೀ. ತೋಟಾ ರಿಮ್‌ಫೈರ್, ಅಂದರೆ ಸಿಡಿಮದ್ದು ಬುಡದ ಅಂಚಿನಲ್ಲಿ; ಹೊಡೆಯುವ ಮೊಳೆ ಎರಡು ಕವಲಿನದ್ದು, ಅಂಚಿನ ಎರಡೂ ಕಡೆ ಬಡಿಯುತ್ತೆ. ಖಾಲಿ ಬಂದೂಕಿನ ಕುದುರೆ ಎಳೆದು ಆಟ ಆಡಿದರೆ ಆ ಕವಲು ಚೇಂಬರಿನ ಅಂಚಿಗೇ ಪೆಟ್ಟು ಕೊಡುತ್ತೆ. ಬೋಲ್ಟಿನ ಮುಖದ ನಡುವೆ ತೂತು ಕೊರೆದು ಸೆಂಟರ್‌ಫೈರ್ ಮಾಡಿದ್ದರೆ ಅದು ಹೊಡೆಯುವವರ ಬಂದೂಕು, ಸಂಗ್ರಹದ್ದಲ್ಲ. ಬೋಲ್ಟ್ ತೆಗೆದು ಮುಖ ನೋಡದೆ ಹಣ ಕೊಡಬೇಡಿ.

ಗುರಿತಪ್ಪಿದವ
ಹರಾಜಿನವರು ಫೋಟೋ ಕಳಿಸಿದರು. ಲಗ್ ಹಿಂತುದಿಯಲ್ಲಿಲ್ಲ, ಮುಂದಕ್ಕಿದೆ. ಹಿಡಿಯ ಎರಡೂ ಬದಿ ಗೆರೆ ಸ್ಪಷ್ಟ. ರಿಸೀವರ್ ಮೇಲೆ V, ನಳಿಕೆ ಬುಡದಲ್ಲಿ M. ಬೋಲ್ಟ್ ಮತ್ತು ರಿಸೀವರ್ ನಂಬರು ಒಂದೇ, ಮ್ಯಾಗಜೀನಿನದ್ದು ಬೇರೆ.

ಕ್ಯಾಲಿಪರ್_ಕಿಟ್ಟಿ
ಹಾಗಾದರೆ 96/11, ಪರಿವರ್ತನೆ 1913 ಅಥವಾ ಅದರ ನಂತರ. ತೋಟಾ GP11, ಗೇಜ್ ಪರೀಕ್ಷೆ ಆದ ಮೇಲೆ. ನಂಬರು ಬೇರೆ ಇರುವ ಮ್ಯಾಗಜೀನ್ ಕೆಲವೊಮ್ಮೆ ತುಟಿ ಹೊಂದದೆ ತೋಟಾವನ್ನು ಓರೆ ಮಾಡುತ್ತೆ, ಡಮ್ಮಿ ತೋಟಾ ಆರು ಹಾಕಿ ನಿಧಾನಕ್ಕೂ ಜೋರಾಗಿಯೂ ಎಳೆದು ನೋಡಿ. ಬೆಲೆ ಕೂಗೋದು 96/11ರ ಲೆಕ್ಕದಲ್ಲಿ, ಮ್ಯಾಗಜೀನಿಗೆ ಸ್ವಲ್ಪ ಕಳೆದು.

ಕಾಯ್ದೆಕಟ್ಟಳೆ
ಮತ್ತೆ, ಕಾಗದ ಮೊದಲು.

ಗುರಿತಪ್ಪಿದವ
ಸೋಮವಾರ ಕ್ಯಾಂಟನ್ ಕಚೇರಿಗೆ. ವಿವರಣೆಯ ‘1889’ ತಿದ್ದಿ ಅಂತ ಹರಾಜಿನವರಿಗೂ ಬರೆದಿದ್ದೇನೆ. ಇನ್ಯಾರಾದರೂ ಅದನ್ನು ನಂಬಿ GP90 ಹುಡುಕಿಕೊಂಡು ಹೋದಾರು.

ಬೆರ್ನ್_ಕರಡಿ
GP90 ಹುಡುಕಿದರೆ ತೊಂದರೆ ಕಡಿಮೆ. 96/11ರ ಫೋಟೋ ನೋಡಿ ‘1889ಕ್ಕೂ GP11 ನಡೆಯುತ್ತೆ’ ಅಂದುಕೊಂಡು ನಿಜವಾದ 1889ಕ್ಕೆ ಹಾಕುವವರದೇ ಭಯ. ತಿದ್ದಿಸಿದ್ದು ಒಳ್ಳೇದಾಯ್ತು.